ಮನೆ ಮುಂದೆ ನಾವೇ ಹಂಪ್ ಹಾಕಬಹುದಾ? ಒಂದು ಸ್ಪಷ್ಟನೆ

'ನಮ್ಮ ಬೀದಿಗೆ ನಾವೇ ಸಿಮೆಂಟ್ ಹಂಪ್ ಹಾಕಿಕೊಳ್ಳಬಹುದು, ಎತ್ತರ ಜಾಸ್ತಿ ಇದ್ದಷ್ಟೂ ಒಳ್ಳೆಯದು' ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಹಂಪ್ ಹಾಕಬೇಕಾದವರು ರಸ್ತೆ ನೋಡಿಕೊಳ್ಳುವ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯವರು. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಲ್ಲಿ ಹಂಪ್‌ನ ಎತ್ತರ 10 ಸೆಂ.ಮೀ., ವಾಹನ ಸಾಗುವ ದಿಕ್ಕಿನಲ್ಲಿ ಅದರ ಅಗಲ 3.7 ಮೀಟರ್. ಅಂದರೆ ಅದು ನಿಧಾನಕ್ಕೆ ಏರಿ ಇಳಿಯಬೇಕು, ಗೋಡೆಯಂತೆ ಎದ್ದು ನಿಲ್ಲಬಾರದು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಲಿ ಎಂಬ ಲೆಕ್ಕ ಅದು. ಮೇಲೆ ಬಣ್ಣ, ಮೊದಲೇ ಎಚ್ಚರಿಕೆಯ ಬೋರ್ಡ್ ಕೂಡ ಬೇಕು.

ಬಣ್ಣವಿಲ್ಲದ ಕಡಿದಾದ ಹಂಪ್ ರಾತ್ರಿ ಕಾಣುವುದೇ ಇಲ್ಲ. ಸೈಕಲ್‌ನವರು ಬೀಳುತ್ತಾರೆ, ಸ್ಕೂಟರ್ ಹಿಂದೆ ಕೂತ ಅಜ್ಜಿ ಬೀಳುತ್ತಾರೆ. ಆಂಬುಲೆನ್ಸ್‌ನಲ್ಲಿ ಮಲಗಿದವರ ಪಾಡೇನು?

ಮಕ್ಕಳ ಬಗ್ಗೆ ನಿಮಗಿರುವ ಭಯ ನಿಜವೇ. ಅಕ್ಕಪಕ್ಕದವರೆಲ್ಲ ಸಹಿ ಹಾಕಿ ಅರ್ಜಿ ಕೊಡಿ. ಸಂಚಾರ ಪೊಲೀಸರಿಗೂ ಒಂದು ಪ್ರತಿ ಕೊಡಿ.