ಕ್ಯಾಪ್ಟನ್ ಮತ್ತು ಸಂಗಡಿಗರು

ಆ ಇನ್ವಿಟೇಶನ್ ಕಾರ್ಡನ್ನು ನೀವೂ ನೋಡಿರುತ್ತೀರಿ. ನಮ್ಮೂರಿನ ಒಂದೊಂದು ವಾಟ್ಸ್ಯಾಪ್ ಗ್ರೂಪಿನಲ್ಲೂ ಎರಡೆರಡು ಸಲ ಬಂದಿದೆ. ಕಾಲೇಜಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಹೊಸ ಸೀಸನ್ನಿಗೆ ತಯಾರಾಗುತ್ತಿದೆ, ಅದರ ತರಬೇತಿ ಶಿಬಿರದ ಉದ್ಘಾಟನೆ. ದಿವ್ಯ ಸಾನ್ನಿಧ್ಯ ಒಬ್ಬರು, ಉದ್ಘಾಟನೆ ಒಬ್ಬರು, ಅಧ್ಯಕ್ಷತೆ ಒಬ್ಬರು, ಘನ ಉಪಸ್ಥಿತಿ ಮೂವರು, ಮುಖ್ಯ ಅತಿಥಿಗಳು ನಾಲ್ವರು, ವಿಶೇಷ ಆಹ್ವಾನಿತರು ಐವರು. ಕೂಡಿಸಿ ನೋಡಿದೆ, 15 ಜನ. ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿ ಸಬ್‌ಸ್ಟಿಟ್ಯೂಟ್‌ಗಳನ್ನೂ ಸೇರಿಸಿ 12 ಜನ. ವೇದಿಕೆಯ ಟೀಮಿಗೆ ಇನ್ನೂ ಮೂವರು ಜಾಸ್ತಿ.

ಆಡುವವರ ಹೆಸರೇ ಇಲ್ಲ ಎಂದು ಕೆಲವರು ತಕರಾರು ತೆಗೆದಿದ್ದಾರೆ. ಸುಳ್ಳು. ಕಾರ್ಡಿನ ಕೊನೆಯಲ್ಲಿ, ಪ್ರೆಸ್ಸಿನವನ ಫೋನ್ ನಂಬರಿಗಿಂತ ಒಂದು ಸಾಲು ಮೇಲೆ, ಭೂತಕನ್ನಡಿ ಹಿಡಿದರೆ ಕಾಣುತ್ತದೆ. ಪ್ರಾರ್ಥನೆ: ಕುಮಾರಿ ಇಂಥವಳು ಮತ್ತು ಸಂಗಡಿಗರು.

ಆ ಇಂಥವಳು ನನ್ನ ಅಕ್ಕನ ಮಗಳು. ತಂಡದ ಕ್ಯಾಪ್ಟನ್. ಸಂಗಡಿಗರು ಅಂದರೆ ಇಡೀ ತಂಡ. ಅವಳಿಗೆ ಹಾಡಲು ಬರುವುದಿಲ್ಲ. ನಮ್ಮ ವಂಶದಲ್ಲೇ ಯಾರಿಗೂ ಬರುವುದಿಲ್ಲ. ಆದರೆ ಕಾರ್ಯಕ್ರಮ ಎಂದ ಮೇಲೆ ಹೆಣ್ಣುಮಕ್ಕಳು ಎಲ್ಲಿರಬೇಕು ಎಂಬುದು ಈ ನಾಡಿನಲ್ಲಿ ಮೊದಲೇ ತೀರ್ಮಾನವಾಗಿದೆ ಅಲ್ವಾ? ಬಾಗಿಲಲ್ಲಿ ಆರತಿ ತಟ್ಟೆ, ಮೈಕಿನ ಮುಂದೆ ಪ್ರಾರ್ಥನೆ, ವೇದಿಕೆ ಹಿಂದೆ ಶಾಲು-ಹಾರದ ಟ್ರೇ. ಪೂರ್ಣಕುಂಭಕ್ಕೂ ಅವರೇ. ರಿಬೌಂಡ್, ಅಂದರೆ ರಿಂಗಿಗೆ ಬಡಿದು ವಾಪಸ್ ಬರುವ ಚೆಂಡು, ಹಿಡಿಯುವ ಎತ್ತರದ ಹುಡುಗಿಯರನ್ನು ಮುಂದಿನ ಸಾಲಿಗೆ ಹಾಕಿದ್ದಾರಂತೆ, ಫೋಟೋದಲ್ಲಿ ಚೆನ್ನಾಗಿ ಬರುತ್ತಾರೆಂದು. ಎತ್ತರಕ್ಕೆ ಇಷ್ಟು ಬೆಲೆ ಕೊಟ್ಟ ಕಾಲೇಜು ಇನ್ನೊಂದಿಲ್ಲ.

ಶಾಮಿಯಾನ ಎಲ್ಲಿ ಹಾಕಿದ್ದಾರೆ ಎಂದು ಕೇಳುತ್ತೀರಾ? ಕೋರ್ಟಿನಲ್ಲೇ. ಬ್ಯಾಸ್ಕೆಟ್‌ಬಾಲ್ ಶಿಬಿರದ ಉದ್ಘಾಟನೆಗೆ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ನಡುವೆ ಗುಂಡಿ ತೋಡಿ ಕಂಬ ನಿಲ್ಲಿಸಿದ್ದಾರೆ. ಸಿಮೆಂಟ್ ನೆಲ, ಆದ್ದರಿಂದ ಹಾರೆ ಸಾಲಲಿಲ್ಲ, ಡ್ರಿಲ್ಲಿಂಗ್ ಮಷಿನ್ ತರಿಸಿದರು. ಒಂದು ಗುಂಡಿ ಸರಿಯಾಗಿ ಸೆಂಟರ್ ಸರ್ಕಲ್ಲಿನ ಒಳಗೇ ಬಿದ್ದಿದೆ. ಅಷ್ಟು ನಿಖರವಾಗಿ ಗುರಿ ಇಟ್ಟವರನ್ನು ಟೀಮಿಗೆ ಸೇರಿಸಿಕೊಳ್ಳಬಹುದಿತ್ತು.

ಕೋರ್ಟಿನ ದಿನಚರಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಬೆಳಿಗ್ಗೆ ಅಲ್ಲಿ ಸ್ಟಾಫಿನವರ ಶಟಲ್. ಡಾಕ್ಟರು ಬೆವರು ಬರಿಸಿ ಎಂದಿದ್ದಾರೆ, ಪಾಪ, ಬೇಡ ಎನ್ನಲಾಗುವುದಿಲ್ಲ. ಹಗಲು ಟೂ ವೀಲರ್ ಪಾರ್ಕಿಂಗ್. ಫೌಲ್ ಆದಾಗ ನಿಂತು ಬುಟ್ಟಿಗೆ ಗುರಿ ಇಡುವ ಫ್ರೀ ಥ್ರೋ ಗೆರೆಯ ಹಿಂದೆ ಸಾಲಾಗಿ ಸ್ಕೂಟರುಗಳು ನಿಂತಿರುತ್ತವೆ, ಒಂದೂ ಗೆರೆ ತುಳಿಯುವುದಿಲ್ಲ. ನಾಲ್ಕೂವರೆಯಿಂದ ಆರರ ತನಕ ಹುಡುಗರ ಕ್ರಿಕೆಟ್. ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಕ್ರಿಕೆಟ್ಟೇ ಎಂದು ಹುಬ್ಬೇರಿಸಬೇಡಿ. ರಿಂಗಿನ ಕಂಬ ಇರುವುದೇ ಸೀಮೆಸುಣ್ಣದಲ್ಲಿ ಮೂರು ಗೀಟು ಎಳೆದು ವಿಕೆಟ್ ಮಾಡಿಕೊಳ್ಳಲು. ಎದುರಿನ ಬೋರ್ಡಿಗೆ ನೇರವಾಗಿ ಬಿದ್ದರೆ ಸಿಕ್ಸ್.

ಹುಡುಗಿಯರ ಪ್ರಾಕ್ಟೀಸು ಆರು ಗಂಟೆಗೆ. ಹಾಸ್ಟೆಲ್ ಗೇಟು ಹಾಕುವುದು ಆರೂವರೆಗೆ. ಲೈಟಿನ ಕಂಬ ಇದೆ, ಬಲ್ಬ್ ಇಲ್ಲ. ಹೀಗಾಗಿ ನಮ್ಮ ಹುಡುಗಿಯರು ನೋಡದೇ ಪಾಸ್ ಕೊಡುವುದರಲ್ಲಿ ಪಳಗಿದ್ದಾರೆ. ಬೇರೆ ಕಡೆ ಇದನ್ನು ಕಲಿಸಲು ಕೋಚುಗಳು ವರ್ಷಗಟ್ಟಲೆ ಬೆವರು ಸುರಿಸುತ್ತಾರಂತೆ. ನಮ್ಮಲ್ಲಿ ಒಂದು ಬಲ್ಬ್ ತೆಗೆದದ್ದಕ್ಕೇ ಬಂದುಬಿಟ್ಟಿತು.

ಇದು ಆಗಸ್ಟ್ ಬೇರೆ. ಮಳೆ ನಿಂತ ದಿನ ಕೋರ್ಟಿನ ತುಂಬ ಪಾಚಿ. ಹುಡುಗಿಯರೇ ಬ್ಲೀಚಿಂಗ್ ಪೌಡರ್ ಹಾಕಿ ಕಡ್ಡಿಪೊರಕೆಯಲ್ಲಿ ಉಜ್ಜುತ್ತಾರೆ. ಅದನ್ನೇ ಪಿ.ಡಿ. ಸರ್, ಅಂದರೆ ದೈಹಿಕ ಶಿಕ್ಷಣದ ಮೇಷ್ಟ್ರು, ವಾರ್ಮ್ ಅಪ್ ಎಂದು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಅವರು ಒಳ್ಳೆಯ ಮನುಷ್ಯ, ತಪ್ಪು ತಿಳಿಯಬೇಡಿ. ಈ ವಾರ ಅವರಿಗೆ ಶಾಲು ಮತ್ತು ಮೈಸೂರು ಪೇಟದ ಉಸ್ತುವಾರಿ ಕೊಟ್ಟಿದ್ದಾರೆ.

ಚೆಂಡಿನ ಕಥೆ ಇನ್ನೊಂದು. ಹೆಂಗಸರ ಬ್ಯಾಸ್ಕೆಟ್‌ಬಾಲಿಗೆ ಸೈಜ್ 6, ಗಂಡಸರಿಗೆ ಸೈಜ್ 7. ಸುತ್ತಳತೆಯಲ್ಲಿ ಒಂದು ಇಂಚಿನಷ್ಟು ವ್ಯತ್ಯಾಸ, ತೂಕದಲ್ಲೂ ಕಮ್ಮಿ. ಮ್ಯಾಚಿನಲ್ಲಿ 6ರ ಚೆಂಡೇ ಕೊಡುತ್ತಾರೆ. ಕಾಲೇಜು ತರಿಸಿದ್ದು ಮಾತ್ರ 7. ಹುಡುಗಿಯರು ಹೋಗಿ ಕೇಳಿದ್ದಕ್ಕೆ ಆಫೀಸಿನಲ್ಲಿ ಬಂದ ಉತ್ತರವನ್ನು ಚೌಕಟ್ಟು ಹಾಕಿಸಿ ಇಡಬೇಕು. "ದೊಡ್ಡದೇ ಕೊಟ್ಟಿದೀವಲ್ಲಮ್ಮ, ಇನ್ನೇನು ಬೇಕು?"

ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಎಂದು ಬೇಜಾರು ಮಾಡಿಕೊಳ್ಳಬಾರದು. ಈ ಆಟ ಹುಟ್ಟಿದ್ದೇ ಹಾಗೆ. 1891ರ ಡಿಸೆಂಬರ್. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೇಸ್ಮಿತ್ ಎಂಬ ಮೇಷ್ಟ್ರು, ಅವರೂ ಒಂಥರಾ ಪಿ.ಡಿ.ಯೇ ಅನ್ನಿ. ಹೊರಗೆ ಚಳಿ, ಒಳಗೆ 18 ಹುಡುಗರ ಗಲಾಟೆ. ಒಂದು ಹೊಸ ಆಟ ಕಟ್ಟಲು ಎರಡು ಪೆಟ್ಟಿಗೆ ಕೊಡಪ್ಪ ಎಂದು ಜವಾನನನ್ನು ಕೇಳಿದರು. ಪೆಟ್ಟಿಗೆ ಇರಲಿಲ್ಲ. ಅವನು ಪೀಚ್ ಹಣ್ಣಿನ ಎರಡು ಬುಟ್ಟಿ ತಂದುಕೊಟ್ಟ. ಆ ದಿನ ಪೆಟ್ಟಿಗೆ ಸಿಕ್ಕಿದ್ದರೆ ಈಗ ನಾವು ಬಾಕ್ಸ್‌ಬಾಲ್ ಶಿಬಿರ ಉದ್ಘಾಟಿಸುತ್ತಿದ್ದೆವು. ಬುಟ್ಟಿಗಳನ್ನು ಹತ್ತು ಅಡಿ ಎತ್ತರದ ಬಾಲ್ಕನಿಗೆ ಮೊಳೆ ಹೊಡೆದು ನಿಲ್ಲಿಸಿದರು. ರಿಂಗು ಇವತ್ತಿಗೂ ಅಷ್ಟೇ ಎತ್ತರದಲ್ಲಿದೆ. ಒಂದೇ ತೊಂದರೆ, ಬುಟ್ಟಿಗೆ ತಳ ಇತ್ತು. ಚೆಂಡು ಒಳಗೆ ಬಿದ್ದರೆ ಅಲ್ಲೇ ಕೂರುತ್ತಿತ್ತು, ಯಾರಾದರೂ ಏಣಿ ಹತ್ತಿ ತೆಗೆಯಬೇಕು. ಕೆಲವು ವರ್ಷಗಳಲ್ಲಿ ಅವರು ತಳ ಕಿತ್ತರು. ನಮ್ಮ ಕ್ರೀಡಾ ಅನುದಾನದ ಬುಟ್ಟಿಗೆ ಇನ್ನೂ ಭದ್ರವಾದ ತಳವಿದೆ. ಮೇಲಿಂದ ಬಿದ್ದದ್ದು ಅಲ್ಲೇ ಕೂತಿದೆ. ಏಣಿ ಯಾರ ಹತ್ತಿರವೂ ಇಲ್ಲ.

ಹೆಂಗಸರ ಕಾಲೇಜು ಆಟವೂ ಹೆಚ್ಚುಕಮ್ಮಿ ಅಷ್ಟೇ ಹಳೆಯದು. ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಮೇಡಂ ತಮ್ಮ ಹುಡುಗಿಯರಿಗೆ ಇದನ್ನು ಕಲಿಸಿ 1893ರ ಮಾರ್ಚ್‌ನಲ್ಲಿ ಮೊದಲ ಮ್ಯಾಚ್ ಆಡಿಸಿದರು. ಹುಡುಗಿಯರು ಸುಸ್ತಾದಾರು ಎಂದು ಕೋರ್ಟನ್ನು ಮೂರು ಭಾಗ ಮಾಡಿ, ಅವರವರ ಭಾಗ ಬಿಟ್ಟು ಕದಲಬೇಡಿ ಎಂಬ ನಿಯಮ ತಂದವರೂ ಅವರೇ. ಚೆಂಡು ಕಿತ್ತುಕೊಳ್ಳುವಂತಿಲ್ಲ, ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿದುಕೊಳ್ಳುವಂತಿಲ್ಲ. ಆ ಮೊದಲ ಮ್ಯಾಚ್ ನೋಡಲು ಗಂಡಸರಿಗೆ ಪ್ರವೇಶವೇ ಇರಲಿಲ್ಲ. ಅದು ಅತಿಯಾಯಿತು ಎಂದು ನಾನು ಬಹಳ ವರ್ಷ ನಂಬಿದ್ದೆ. ಮೊನ್ನೆ ಕಾರ್ಡಿನಲ್ಲಿ 15 ಗಂಡಸರ ಹೆಸರು ಓದಿದ ಮೇಲೆ ಮೇಡಂ ಮುಂದಾಲೋಚನೆ ಅರ್ಥವಾಯಿತು.

ಹೋದ ವರ್ಷದ ಉದ್ಘಾಟನೆಗೆ ನಾನೂ ಹೋಗಿದ್ದೆ. ಅತಿಥಿಗಳು ಚೆಂಡನ್ನು ಬುಟ್ಟಿಗೆ ಹಾಕಿ ಉದ್ಘಾಟಿಸಬೇಕು ಎಂದು ಯಾರೋ ಐಡಿಯಾ ಕೊಟ್ಟಿದ್ದರು. ಮೊದಲ ಸಲ ಹಾಕಿದರು, ಚೆಂಡು ರಿಂಗಿನ ಕೆಳಗೇ ಹೋಯಿತು. ಎರಡನೇ ಸಲ ಬೋರ್ಡಿನ ಮೇಲೆ ಹಾರಿ ಕ್ಯಾಂಟೀನ್ ಶೀಟಿನ ಮೇಲೆ ಬಿತ್ತು. ಚಪ್ಪಾಳೆ. ಮೂರನೇ ಸಲಕ್ಕೆ ಕುರ್ಚಿ ತಂದರು. ನಾಲ್ಕನೇ ಸಲಕ್ಕೆ ಕುರ್ಚಿ ಹಿಡಿದುಕೊಳ್ಳಲು ಇಬ್ಬರು ಸದಸ್ಯರು. ಅಷ್ಟರಲ್ಲಿ ಫೋಟೋಗ್ರಾಫರ್ ಕೈಮುಗಿದ. "ಬಾಲ್ ಹಿಡ್ಕೊಂಡು ಸುಮ್ನೆ ನಿಂತ್ಕೊಳ್ಳಿ ಸಾರ್, ಸಾಕು." ಮರುದಿನ ಪೇಪರಿನಲ್ಲಿ ಆ ಫೋಟೋ ಬಂತು. ಕೆಳಗೆ, ಕ್ರೀಡೆಯಲ್ಲಿ ಸೋಲು-ಗೆಲುವು ಸಮಾನವಾಗಿ ಸ್ವೀಕರಿಸಿ ಎಂದು ಅತಿಥಿಗಳು ಕರೆ ನೀಡಿದ ಸುದ್ದಿ. ಅನುಭವದ ಮಾತು.

ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ಹುಡುಗಿಯೊಬ್ಬಳು ನಿಂತಲ್ಲಿಂದಲೇ ಹಾಕಬಲ್ಲಳು. ಅವಳನ್ನು ಯಾರೂ ಕೇಳಲಿಲ್ಲ. ಅವಳ ಕೈಯಲ್ಲಿ ಕುಂಕುಮ ಇತ್ತು.

ಇದೆಲ್ಲ ನಮ್ಮಲ್ಲಿ ಮಾತ್ರ ಎಂದು ಕೊರಗುವವರಿಗೆ ಸಮಾಧಾನದ ಸುದ್ದಿ ಇದೆ. ಈ ಒಂದು ವಿಷಯದಲ್ಲಿ ನಾವು ಅಮೆರಿಕದ ಸಮಕ್ಕೆ ನಿಂತಿದ್ದೇವೆ. 2021ರ ಮಾರ್ಚ್‌ನಲ್ಲಿ ಅಲ್ಲಿನ ಕಾಲೇಜು ಟೂರ್ನಿ ನಡೆಯಿತು. ಕೋವಿಡ್ ಕಾಲ, ಗಂಡಸರೆಲ್ಲ ಇಂಡಿಯಾನಾಪೊಲಿಸ್ ಕಡೆ, ಹೆಂಗಸರೆಲ್ಲ ಸ್ಯಾನ್ ಆಂಟೋನಿಯೋದಲ್ಲಿ. ಗಂಡಸರಿಗೆ ಹಾಲ್ ತುಂಬ ಜಿಮ್ ಸಾಮಾನು. 64 ಹೆಂಗಸರ ತಂಡಗಳಿಗೆ ಒಂದು ಸಣ್ಣ ಸ್ಟ್ಯಾಂಡಿನಷ್ಟು ಡಂಬೆಲ್ಲು, ಜೊತೆಗೆ ಒಂದಿಷ್ಟು ಯೋಗ ಮ್ಯಾಟು. ಯಾಕೆ ಎಂದರೆ ಜಾಗ ಸಾಲದು ಎಂದಿತು ಟೂರ್ನಿ ನಡೆಸುವ ಎನ್‌ಸಿಎಎ. ಒರೆಗಾನ್ ವಿಶ್ವವಿದ್ಯಾಲಯದ ಆಟಗಾರ್ತಿಯೊಬ್ಬಳು ಮೊಬೈಲ್ ತಿರುಗಿಸಿ ಪಕ್ಕದ ಖಾಲಿ ಜಾಗ ತೋರಿಸಿದಳು. ವಿಡಿಯೋ ಲೋಕವೆಲ್ಲ ಸುತ್ತಿತು. ನಾಚಿಕೆಯಾಗಿ ರಾತ್ರೋರಾತ್ರಿ ಸಾಮಾನು ತರಿಸಿದರು. ಗಂಡಸರ ಟೂರ್ನಿಗಷ್ಟೇ ಇದ್ದ ಮಾರ್ಚ್ ಮ್ಯಾಡ್‌ನೆಸ್ ಎಂಬ ಹೆಸರನ್ನು ಹೆಂಗಸರ ಟೂರ್ನಿಗೂ ಬಳಸಲು ಬಿಟ್ಟಿದ್ದು 2022ರಲ್ಲಿ. ಎರಡೇ ವರ್ಷ. 2024ರ ಹೆಂಗಸರ ಫೈನಲನ್ನು ಅಮೆರಿಕದಲ್ಲಿ ಸುಮಾರು 1.89 ಕೋಟಿ ಜನ ನೋಡಿದರು, ಗಂಡಸರದ್ದನ್ನು 1.48 ಕೋಟಿ.

ಜಾಗ ಸಾಲದು. ನಮ್ಮ ಹುಡುಗಿಯರಿಗೂ ಇದೇ ಹೇಳಿದ್ದು. ಕಿಟ್ ಇಡಲು ಒಂದು ಬೀರು ಕೇಳಿದ್ದರು, ಜಾಗ ಇಲ್ಲಮ್ಮ ಎಂದರು. ಅದೇ ಕೋರ್ಟಿನಲ್ಲಿ ಈಗ ಐನೂರು ಕುರ್ಚಿ, ಒಂದು ವೇದಿಕೆ, ಅದರ ಮೇಲೆ 15 ಸೋಫಾ. ಉಪ್ಪಿಟ್ಟಿನ ಕೌಂಟರಿಗೂ ಜಾಗ ಆಗಿದೆ.

ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017ರ ಜುಲೈಯಲ್ಲಿ ಭಾರತದ ಹೆಂಗಸರ ತಂಡ ಏಷ್ಯಾ ಕಪ್‌ನ ಬಿ ಡಿವಿಷನ್ ಗೆದ್ದಿತು. ಫೈನಲ್‌ನಲ್ಲಿ ಕಜಕಿಸ್ತಾನದ ಮೇಲೆ 75-73. ಒಂದೇ ಒಂದು ಬುಟ್ಟಿಯ ಅಂತರ. ಆ ಮ್ಯಾಚ್ ನೋಡಿದವರು ಯಾರಾದರೂ ಸಿಕ್ಕರೆ ಹೇಳಿ, ಕಾಫಿ ಕೊಡಿಸುತ್ತೇನೆ. ನಾನಂತೂ ಹೋಗಿರಲಿಲ್ಲ. ಅವತ್ತು ಬೆಂಗಳೂರಿನಲ್ಲೇ ಇದ್ದೆ, ಸೋಫಾ ಮೇಲೆ. ಬೈಯಬೇಕಾದವರ ಪಟ್ಟಿಯಲ್ಲಿ ನನ್ನದೂ ಒಂದು ಹೆಸರು ಹಾಕಿ, ವಿಶೇಷ ಆಹ್ವಾನಿತರಲ್ಲಿ.

ಇಷ್ಟರ ತನಕ ನಗುತ್ತಾ ಬರೆದೆ. ರಿಂಗಿನ ಕಂಬದ ವಿಷಯಕ್ಕೆ ಬಂದರೆ ನಗು ಬರುವುದಿಲ್ಲ.

2025ರ ನವೆಂಬರ್. ಹರಿಯಾಣದ ರೋಹ್ಟಕ್ ಹತ್ತಿರದ ಲಾಖನ್ ಮಾಜ್ರಾದಲ್ಲಿ 16 ವರ್ಷದ ಹುಡುಗ, ರಾಷ್ಟ್ರಮಟ್ಟದಲ್ಲಿ ಆಡಿದವನು, ಒಬ್ಬನೇ ಪ್ರಾಕ್ಟೀಸ್ ಮಾಡುತ್ತಿದ್ದ. ಹಾರಿ ರಿಂಗು ಹಿಡಿದ. ಕಂಬ ಬುಡಸಮೇತ ಅವನ ಎದೆಯ ಮೇಲೆ ಬಿತ್ತು. ಆ ವಿಡಿಯೋ ನೀವು ನೋಡಿದ್ದರೆ ಇನ್ನೂ ಮರೆತಿರುವುದಿಲ್ಲ. ಅದೇ ದಿನಗಳಲ್ಲಿ ಬಹಾದೂರ್‌ಗಢದಲ್ಲಿ 15 ವರ್ಷದ ಇನ್ನೊಬ್ಬ ಹುಡುಗ ಸತ್ತ. ಅಲ್ಲೂ ಕಂಬವೇ. ಹಣ ಕೊಟ್ಟಿದ್ದೆವು, ಖರ್ಚು ಮಾಡಲಿಲ್ಲ ಎಂಬ ಮಾತೆಲ್ಲ ಕಂಬ ಬಿದ್ದ ಮೇಲೆ ಬಂತು.

ನಮ್ಮ ಕೋರ್ಟಿನ ಎಡಗಡೆಯ ಕಂಬ ಬುಡದಲ್ಲಿ ತುಕ್ಕು ಹಿಡಿದು ಪದರ ಪದರವಾಗಿ ಉದುರುತ್ತಿದೆ. ಉಗುರಿನಲ್ಲಿ ಕೆರೆದರೆ ಬರುತ್ತದೆ. ಹುಡುಗಿಯರು ಎರಡು ಸಲ ಅರ್ಜಿ ಕೊಟ್ಟರು. ಕಾಲೇಜು ಸುಮ್ಮನೆ ಕೂರಲಿಲ್ಲ. ಕಂಬಕ್ಕೆ ಒಂದು ಬೋರ್ಡು ನೇತುಹಾಕಿತು: 'ಕಂಬವನ್ನು ಮುಟ್ಟಬಾರದು.' ಜೊತೆಗೆ, ಏನಾದರೂ ಆದರೆ ನಾವೇ ಜವಾಬ್ದಾರರು ಎಂದು ಅಪ್ಪ-ಅಮ್ಮಂದಿರಿಂದ ಮುಚ್ಚಳಿಕೆ ಬರೆಸಿಕೊಂಡಿತು. ನನ್ನ ಅಕ್ಕ ಸಹಿ ಹಾಕಿದ್ದಾಳೆ. ಹಾಕದಿದ್ದರೆ ಟೀಮಿನಿಂದ ಹೆಸರು ತೆಗೆಯುತ್ತಾರಂತೆ. ವೆಲ್ಡಿಂಗಿನವನು ಬಸ್ ಸ್ಟ್ಯಾಂಡಿನ ಹಿಂದೆಯೇ ಇದ್ದಾನೆ. ಇವರು ತರಿಸುವ ಹಾರಗಳ ದುಡ್ಡಿನಲ್ಲಿ ಅವನು ಎರಡೂ ಕಂಬ ಸರಿಮಾಡಿಕೊಟ್ಟು ಚಿಲ್ಲರೆ ವಾಪಸ್ ಕೊಡುತ್ತಾನೆ. ಇದಕ್ಕೆ ತಮಾಷೆ ಹುಡುಕಲು ನನಗೆ ಆಗುತ್ತಿಲ್ಲ.

ನಿನ್ನೆ ರಾತ್ರಿ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಉದ್ಘಾಟನೆಗೆ ನಾಲ್ಕು ದಿನ, ಮೊದಲ ಮ್ಯಾಚಿಗೆ ಒಂಬತ್ತು ದಿನ. ಏನು ಮಾಡ್ತಿದೀರಮ್ಮ ಎಂದೆ. ದನಿಯಲ್ಲಿ ಖುಷಿ ಇತ್ತು, ನನಗೆ ಆಶ್ಚರ್ಯ.

"ಮಾಮ, ಕೋರ್ಟು ನಮಗೇ ಕೊಟ್ಟಿದಾರೆ! ದಿನಾ ನಾಲ್ಕರಿಂದ ಆರು. ಅಟೆಂಡೆನ್ಸೂ ಕೊಡ್ತಾರೆ. ಬನ್ನು, ಟೀ ಬೇರೆ."

"ಪ್ರಾಕ್ಟೀಸಿಗಾ?"

"ಇಲ್ಲ ಮಾಮ, ಪ್ರಾರ್ಥನೆ ರಿಹರ್ಸಲ್ಲಿಗೆ."

ಮೈಕ್ ಸೆಟ್ಟಿನವನು ಬರುವುದು ಐದೂವರೆಗಂತೆ. ಹುಡುಗರ ಕ್ರಿಕೆಟ್ಟನ್ನು ಕಾಲೇಜೇ ನಿಲ್ಲಿಸಿದೆ, ದೇವರ ಕೆಲಸ ನೋಡಿ. ಸ್ಕೂಟರುಗಳನ್ನೂ ತೆಗೆಸಿದೆ. ಕುರ್ಚಿಗಳನ್ನು ಇನ್ನೂ ಹರಡಿಲ್ಲ, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ. ಶಾಮಿಯಾನದ ಕಂಬಗಳು ಅಡ್ಡ ಬರುವುದಿಲ್ಲವೇ ಎಂದು ಕೇಳಿದೆ. ಅವನ್ನೇ ಎದುರಾಳಿ ತಂಡ ಎಂದುಕೊಂಡು ಸುತ್ತಿ ಬಳಸಿ ಡ್ರಿಬಲ್ ಮಾಡುತ್ತಿದ್ದಾರಂತೆ. ತುಕ್ಕಿನ ಕಂಬದ ಕಡೆಗೆ ಯಾರೂ ಹೋಗುತ್ತಿಲ್ಲ, ಇನ್ನೊಂದು ರಿಂಗಿಗೇ ಎಲ್ಲರೂ.

"ಹಾಡು ಹೇಗೆ ಬಂತು?"

"ಪಲ್ಲವಿ ಬಂತು ಮಾಮ. ಚರಣಕ್ಕೆ ಟೈಮ್ ಆಗ್ಲಿಲ್ಲ, ಫ್ರೀ ಥ್ರೋ ಹೊಡೀತಿದ್ವಿ."