ಹಾಲಿನ ಪೊಟ್ಟಣದ ಮೂಲೆ, ಶಾಂಪೂವಿನ ಸರ

ಪ್ರಶ್ನೆ: ಪ್ಲಾಸ್ಟಿಕ್ ಕಸ ತಗ್ಗಬೇಕಾದರೆ ಮೊದಲು ಬದಲಾಗಬೇಕಾದವರು ಕೊಳ್ಳುವ ನಾವೇ?

ಪರ: ಹೌದು, ಶುರು ನಮ್ಮ ಅಡುಗೆಮನೆಯಿಂದಲೇ

ಬೆಳಿಗ್ಗೆ ಹಾಲಿನ ಪೊಟ್ಟಣ ಕತ್ತರಿಸುವಾಗ ಮೂಲೆಯ ಒಂದು ಚೂರು ಕೆಳಗೆ ಬೀಳುತ್ತದೆ. ಉಗುರಿನಷ್ಟು ಅಗಲ. ಗುಡಿಸಿದರೆ ಧೂಳಿನ ಜೊತೆ ಹೋಗುತ್ತದೆ, ನೀರು ಹಾಕಿದರೆ ಮೋರಿಗೆ ಇಳಿಯುತ್ತದೆ. ಉಳಿದ ಪೊಟ್ಟಣಕ್ಕೆ ಗುಜರಿಯಲ್ಲಿ ಬೆಲೆಯಿದೆ. ಒಂದೇ ಜಾತಿಯ ಪ್ಲಾಸ್ಟಿಕ್ ಆದ್ದರಿಂದ ಕರಗಿಸಿ ಮತ್ತೆ ಬಳಸುತ್ತಾರೆ. ಆ ಚೂರನ್ನು ಮಾತ್ರ ಯಾರೂ ಆಯಲಾರರು. ಮೂಲೆಯನ್ನು ಪೂರ್ತಿ ತೆಗೆಯದೆ, ಪೊಟ್ಟಣಕ್ಕೆ ಅಂಟಿಕೊಂಡೇ ಇರುವಂತೆ ಸೀಳಿದರೆ ಮುಗಿಯಿತು. ಇದಕ್ಕೆ ಸರ್ಕಾರದ ಆದೇಶ ಬೇಡ, ಕಂಪನಿಯ ಒಪ್ಪಿಗೆ ಬೇಡ. ಕತ್ತರಿ ಇರುವುದು ನಮ್ಮ ಕೈಯಲ್ಲಿ.

ಕಾನೂನು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ನಮ್ಮ ರಾಜ್ಯದ ಕಥೆಯೇ ಉತ್ತರ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ನಿಷೇಧ ಜಾರಿಗೆ ಬಂದದ್ದು 2016ರ ಮಾರ್ಚ್‌ನಲ್ಲಿ. ತಟ್ಟೆ, ಲೋಟ, ಸ್ಟ್ರಾಗಳಂಥ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳಿಗೆ ಇಡೀ ದೇಶದಲ್ಲಿ ನಿಷೇಧ 2022ರ ಜುಲೈ 1ರಂದು ಬಂತು. ಆದರೂ ಸೊಪ್ಪಿನ ಗಾಡಿಯ ಮುಂದೆ ಐದು ನಿಮಿಷ ನಿಂತು ನೋಡಿ. ಎರಡು ಕಟ್ಟು ಮೆಂತ್ಯ ಕೊಂಡವರು ‘ಒಂದು ಕವರ್ ಕೊಡಮ್ಮಾ’ ಎನ್ನುತ್ತಾರೆ. ಆಕೆ ಸುತ್ತ ನೋಡಿ, ಗೋಣಿಯ ಅಡಿಗೆ ಕೈ ಹಾಕಿ ಒಂದನ್ನು ತೆಗೆಯುತ್ತಾಳೆ. ಇಲ್ಲ ಎಂದರೆ ಗಿರಾಕಿ ಮುಂದಿನ ಗಾಡಿಗೆ ಹೋಗುತ್ತಾನೆಂಬುದು ಅವಳಿಗೆ ಗೊತ್ತು. ಅಧಿಕಾರಿಗಳು ಬಂದರೆ ದಂಡ ಕಟ್ಟುವವಳು ಅವಳು, ಕೇಳಿ ಪಡೆದವರಲ್ಲ. ಒಂದು ಬಟ್ಟೆಯ ಚೀಲವನ್ನು ಮಡಚಿ ಜೇಬಿನಲ್ಲಿಟ್ಟುಕೊಳ್ಳಲಾರದ ನಾವು ಆ ಹೆಂಗಸನ್ನು ಪ್ರತಿದಿನ ಅಪರಾಧಿಯಾಗಿಸುತ್ತಿದ್ದೇವೆ. ಇದನ್ನು ನೋಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಇನ್ನು ಕಸ ಬೇರ್ಪಡಿಸುವ ಮಾತು. ಎರಡು ಬುಟ್ಟಿ, ಒಂದು ಚೀಲ ಎಂಬ ಕ್ರಮವನ್ನು ಬೆಂಗಳೂರಿನ ಮನೆಗಳಲ್ಲಿ ಪಾಲಿಸಬೇಕೆಂದು ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಹೇಳಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಬಳಸಿದ ಪ್ಯಾಡ್, ಡೈಪರ್‌ಗಳಂಥವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ನಿನ್ನೆಯ ಸಾರನ್ನು ಇಂದಿನ ಪತ್ರಿಕೆಯಿಂದ ಬೇರೆ ಇಡುವ ಕೆಲಸವನ್ನು ಯಾವ ಕಂಪನಿ ಮಾಡಿಕೊಡಲು ಸಾಧ್ಯ? ನಾವು ಮಾಡದಿದ್ದರೆ ಅದನ್ನು ಮಾಡುವುದು ಇನ್ನೊಬ್ಬರ ಬರಿಗೈ. ಒಡೆದ ಗಾಜಿನ ಲೋಟವನ್ನು ಕಾಗದದಲ್ಲಿ ಸುತ್ತದೆ ಎಸೆದರೆ ಅದು ಮೊದಲು ತಾಗುವುದು ಪೌರಕಾರ್ಮಿಕರ ಬೆರಳಿಗೆ. 2014ರಲ್ಲಿ ನಗರದ ಹೊರಗಿನ ಮಂಡೂರಿನ ಜನ ತಮ್ಮೂರಿಗೆ ಬರುತ್ತಿದ್ದ ಬೆಂಗಳೂರಿನ ಕಸದ ಲಾರಿಗಳ ವಿರುದ್ಧ ಬೀದಿಗಿಳಿದಾಗ ಅಲ್ಲಿ ನಾರುತ್ತಿದ್ದದ್ದು ನಾವು ಒಂದೇ ಬುಟ್ಟಿಗೆ ಸುರಿದ ಅನ್ನ, ತರಕಾರಿ ಸಿಪ್ಪೆ, ಪ್ಲಾಸ್ಟಿಕ್.

ಜನ ಮನಸ್ಸು ಮಾಡಿದರೆ ಮಾರುಕಟ್ಟೆಯೂ ತಿರುಗುತ್ತದೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ನಡೆಸುವ ತಟ್ಟೆ ಬ್ಯಾಂಕಿನಿಂದ ಗೃಹಪ್ರವೇಶಕ್ಕೋ ನಾಮಕರಣಕ್ಕೋ ಸ್ಟೀಲ್ ತಟ್ಟೆ, ಲೋಟ ತಂದು, ಊಟವಾದ ಮೇಲೆ ತೊಳೆದು ಹಿಂದಿರುಗಿಸುತ್ತಾರೆ. ನೂರು ಜನ ಉಂಡ ಮೇಲೂ ಬಿಸಾಡುವ ಲೋಟಗಳ ರಾಶಿ ಇರುವುದಿಲ್ಲ. ಕಂಪನಿಗಳ ತಪ್ಪನ್ನು ನಾನು ಮುಚ್ಚಿಡುತ್ತಿಲ್ಲ. ಆದರೆ ಗಿರಾಕಿ ಕೈ ಹಿಂದೆಗೆದಾಗ ಅವರಿಗೆ ಬರುವಷ್ಟು ಬೇಗ ಬುದ್ಧಿ ಇನ್ನಾವುದರಿಂದಲೂ ಬರುವುದಿಲ್ಲ.

ವಿರೋಧ: ಇಲ್ಲ, ಕಸ ಮನೆಗೆ ಬರುವ ಮೊದಲೇ ಕಸವಾಗಿರುತ್ತದೆ

ನಾನೂ ಹಾಲಿನ ಪೊಟ್ಟಣದ ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ. ಬಟ್ಟೆಯ ಚೀಲವಿಲ್ಲದೆ ಮಾರುಕಟ್ಟೆಗೆ ಹೋಗುವುದಿಲ್ಲ. ಒಣ ಕಸದ ಚೀಲವನ್ನು ವಾರಕ್ಕೊಮ್ಮೆ ನೆಲಕ್ಕೆ ಸುರಿದು ನಾನೇ ಬೇರ್ಪಡಿಸುತ್ತೇನೆ. ಹಾಲಿನ ಪೊಟ್ಟಣ, ನೀರಿನ ಬಾಟಲಿ, ರಟ್ಟು, ಪತ್ರಿಕೆ, ತಗಡು ಒಂದು ಕಡೆ, ಇವಕ್ಕೆ ಬೆಲೆಯಿದೆ. ಇನ್ನೊಂದು ಕಡೆ ಬಿಸ್ಕತ್ತಿನ ಹೊದಿಕೆ, ಚಿಪ್ಸ್ ಪೊಟ್ಟಣ, ಕಾಫಿಪುಡಿಯ ಹಾಳೆ, ಶಾಂಪೂ ಪೊಟ್ಟಣ. ಒಳಗೆ ಬೆಳ್ಳಿಯಂತೆ ಹೊಳೆಯುವ ಇವನ್ನು ಗುಜರಿಯವರು ಮುಟ್ಟುವುದಿಲ್ಲ. ಪ್ಲಾಸ್ಟಿಕ್, ಅಲ್ಯೂಮಿನಿಯಂ, ಮತ್ತೆ ಪ್ಲಾಸ್ಟಿಕ್ ಎಂದು ತೆಳುವಾದ ಪದರಗಳನ್ನು ಒಂದರ ಮೇಲೊಂದು ಬೆಸೆದಿರುತ್ತಾರೆ. ಅವನ್ನು ಬಿಡಿಸಲು ಹೊರಟರೆ ಬರುವ ಹಣಕ್ಕಿಂತ ಆಗುವ ಖರ್ಚೇ ಹೆಚ್ಚು. ತೊಳೆದು ಒಣಗಿಸಿ ಕೊಟ್ಟರೂ ಇದರಲ್ಲಿ ಬಹುಪಾಲಿಗೆ ಸಿಮೆಂಟ್ ಕಾರ್ಖಾನೆಯ ಕುಲುಮೆಯೋ ಊರಾಚೆಯ ಗುಂಡಿಯೋ ಗತಿ. ನಾನು ಬೇರ್ಪಡಿಸಿದ್ದು ಸಾಲದೆಂದು ಹೀಗಾದದ್ದಲ್ಲ. ಕಾರ್ಖಾನೆಯಲ್ಲಿ ಪದರ ಬೆಸೆದ ದಿನವೇ ಅದರ ಗತಿ ನಿರ್ಧಾರವಾಗಿತ್ತು.

ಉಗುರಿನಷ್ಟು ಮೂಲೆಯನ್ನು ಯಾರೂ ಆಯಲಾರರು ಎಂದು ಪರವಾಗಿ ಬರೆದವರು ಹೇಳಿದರು. ಸರಿಯಾದ ಮಾತು. ಶಾಂಪೂ ಪೊಟ್ಟಣವಂತೂ ಇಡಿಯಾಗಿ ಅಂಥ ಒಂದು ಮೂಲೆ.

ನಮ್ಮ ಬೀದಿಯ ಕೊನೆಯ ಚಿಲ್ಲರೆ ಅಂಗಡಿಯಲ್ಲಿ ಇವುಗಳ ಸರಗಳು ಬಾಗಿಲಿಗೆ ತೋರಣದಂತೆ ತೂಗುತ್ತವೆ. ಸಂಜೆ ಗಾರೆ ಕೆಲಸ ಮುಗಿಸಿ ಬರುವ ಹೆಂಗಸರು ಒಂದು ಶಾಂಪೂ, ಒಂದು ಸೋಪಿನ ಪುಡಿ, ಒಂದು ಕಾಫಿಪುಡಿ ಹರಿದುಕೊಡಲು ಹೇಳುತ್ತಾರೆ. ಬಟವಾಡೆ ಆಗುವುದು ಶನಿವಾರ. ಮಂಗಳವಾರದ ಕೈಯಲ್ಲಿ ಬಾಟಲಿ ಕೊಳ್ಳುವಷ್ಟು ಹಣ ಇರುವುದಿಲ್ಲ. ಇದ್ದರೂ ಎಷ್ಟೋ ಶಾಂಪೂಗಳಲ್ಲಿ ಲೆಕ್ಕ ಹಾಕಿದರೆ ಬಾಟಲಿಗಿಂತ ಪೊಟ್ಟಣವೇ ಅಗ್ಗ. ಆ ಬೆಲೆ ಇಟ್ಟವರು ಯಾರು? ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್, ಶ್ರೀಮಂತರು ಬಳಸುವುದು ಕೂಲಿಯವರ ಕೈಗೂ ಎಟುಕಲಿ ಎಂಬ ಹಂಬಲದಿಂದ ಚಿಕ್ಕ ಪೊಟ್ಟಣದ ದಾರಿ ತೋರಿಸಿದರು. ಆ ಹಂಬಲದ ಬಗ್ಗೆ ನನಗೆ ಗೌರವವಿದೆ. ಆದರೆ ದೊಡ್ಡ ದೊಡ್ಡ ಕಂಪನಿಗಳು ಅದೇ ದಾರಿಯಲ್ಲಿ ಹಳ್ಳಿಹಳ್ಳಿಗೂ ನುಗ್ಗಿದವು, ಖಾಲಿ ಪೊಟ್ಟಣವನ್ನು ವಾಪಸು ತರುವ ದಾರಿಯನ್ನು ಮಾತ್ರ ಹಾಕಲಿಲ್ಲ. ‘ಸರಿಯಾಗಿ ಆಯ್ಕೆ ಮಾಡು’ ಎಂದು ಆ ಹೆಂಗಸಿಗೆ ಉಪದೇಶಿಸುವುದು ನನ್ನಿಂದಾಗದು.

ವಾಪಸು ತರುವುದು ಅಸಾಧ್ಯವೇನೂ ಆಗಿರಲಿಲ್ಲ. ನಾವು ಚಿಕ್ಕವರಿದ್ದಾಗ ತಂಪು ಪಾನೀಯ ಬರುತ್ತಿದ್ದದ್ದು ಗಾಜಿನ ಬಾಟಲಿಯಲ್ಲಿ. ಅಂಗಡಿಯ ಮುಂದೆಯೇ ನಿಂತು ಕುಡಿಯಬೇಕಿತ್ತು. ಮನೆಗೆ ಒಯ್ದರೆ ಮುಂಗಡ ಇಡಬೇಕಿತ್ತು. ಖಾಲಿ ಬಾಟಲಿಗಳು ಕ್ರೇಟಿನಲ್ಲಿ ಕಣಕಣ ಸದ್ದು ಮಾಡುತ್ತ ಬಂದ ಲಾರಿಯಲ್ಲೇ ಹಿಂದಿರುಗುತ್ತಿದ್ದವು. ಅದನ್ನು ನಿಲ್ಲಿಸಿ ಎಂದು ನಾವು ಯಾರೂ ಕೇಳಿರಲಿಲ್ಲ. ಅಮೆರಿಕದಲ್ಲಿ ಈ ಬದಲಾವಣೆ ಇನ್ನೂ ಮೊದಲೇ ಆಯಿತು. 1953ರಲ್ಲಿ ವರ್ಮಾಂಟ್ ರಾಜ್ಯ, ಹಿಂದಿರುಗಿಸಲಾಗದ ಬಾಟಲಿಯಲ್ಲಿ ಬಿಯರ್ ಮಾರುವುದನ್ನು ನಿಷೇಧಿಸಿತು. ಅದೇ ವರ್ಷ ಡಬ್ಬಿ, ಬಾಟಲಿ ತಯಾರಿಸುವ ಕಂಪನಿಗಳು ಸೇರಿ ‘ಕೀಪ್ ಅಮೆರಿಕ ಬ್ಯೂಟಿಫುಲ್’ ಎಂಬ ಸಂಸ್ಥೆ ಕಟ್ಟಿದವು. ಕಸ ಹಾಕುವವನೇ ತಪ್ಪಿತಸ್ಥ ಎಂಬುದು ಅದರ ಪ್ರಚಾರ. ವರ್ಮಾಂಟ್‌ನ ಕಾನೂನು 1957ರಲ್ಲಿ ಇಲ್ಲವಾಯಿತು. ‘ಇಂಗಾಲದ ಹೆಜ್ಜೆಗುರುತು’, ಅಂದರೆ ಒಬ್ಬೊಬ್ಬರ ಬದುಕಿನಿಂದ ಗಾಳಿ ಸೇರುವ ಇಂಗಾಲದ ಲೆಕ್ಕ, ಎಂಬ ಮಾತನ್ನು ಮನೆಮನೆಗೆ ತಲುಪಿಸಿದ್ದೂ 2000ದ ದಶಕದಲ್ಲಿ ಬಿಪಿ ಎಂಬ ತೈಲ ಕಂಪನಿಯ ಜಾಹೀರಾತು. ತೈಲ ಮಾರುವವರು ನಮ್ಮ ಹೆಜ್ಜೆ ಎಣಿಸಿಕೊಳ್ಳಲು ನಮಗೇ ಹೇಳಿದರು.

ಹಾಗಾದರೆ ಏನು ಮಾಡಬೇಕು? ನೀಲಗಿರಿಗೆ ಹೋಗಿ ನೋಡಬಹುದು. ಪ್ರವಾಸಿಗರು ಎಸೆದ ಮದ್ಯದ ಬಾಟಲಿಯ ಚೂರುಗಳು ಕಾಡಿನಲ್ಲಿ ಆನೆಗಳ ಕಾಲಿಗೆ ಚುಚ್ಚುತ್ತಿದ್ದವು. ಮದ್ರಾಸ್ ಹೈಕೋರ್ಟ್‌ನ ಒತ್ತಾಯದಿಂದ 2022ರಲ್ಲಿ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ತಂದವರಿಗೆ ಮರಳಿಸತೊಡಗಿದವು. ಬಾಟಲಿಗಳು ಹಿಂದಿರುಗಿದವು. ಕುಡಿಯುವವರು ಒಂದೇ ರಾತ್ರಿಯಲ್ಲಿ ಪರಿಸರಪ್ರೇಮಿಗಳಾದರು ಎಂದಲ್ಲ. ಮಾರುವವರ ಮೇಲೆ ವಾಪಸು ಪಡೆಯುವ ಹೊಣೆ ಬಿತ್ತು.

ಪೊಟ್ಟಣಗಳಿಗೂ ಇಂಥ ಕಾಲ ಬರಬೇಕಿತ್ತು. ಮರುಬಳಕೆ ಮಾಡಲಾಗದ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದವು. ಗಡುವು ಹತ್ತಿರ ಬಂದ 2018ರ ಮಾರ್ಚ್‌ನಲ್ಲಿ ತಿದ್ದುಪಡಿಯಾಯಿತು. ಸುಟ್ಟು ಶಕ್ತಿ ಪಡೆಯಲೂ ಬಾರದ, ಬೇರೆ ಉಪಯೋಗಕ್ಕೂ ಒದಗದ ಪ್ಲಾಸ್ಟಿಕ್ ಎಂಬ ಅರ್ಥದ ಮಾತುಗಳು ಆ ಸಾಲಿಗೆ ಸೇರಿದವು. ಕುಲುಮೆಯಲ್ಲಿ ಸುಡಬಹುದು ಎಂದಾದ ಮೇಲೆ ಯಾವ ಪೊಟ್ಟಣವನ್ನು ತಾನೇ ನಿಲ್ಲಿಸಲು ಸಾಧ್ಯ? 2022ರ ನಿಷೇಧದ ಪಟ್ಟಿಯಲ್ಲಿ ಸ್ಟ್ರಾ, ಚಮಚ, ಬಲೂನಿನ ಕಡ್ಡಿ ಇವೆ. ಶಾಂಪೂ ಪೊಟ್ಟಣ ಇಲ್ಲ, ಚಿಪ್ಸ್ ಪೊಟ್ಟಣ ಇಲ್ಲ. ಸೊಪ್ಪು ಮಾರುವ ಹೆಂಗಸಿಗೆ ದಂಡ ಬೀಳುತ್ತದೆ ಎಂದು ಪರವಾಗಿ ಬರೆದವರು ನೊಂದುಕೊಂಡರಲ್ಲ, ಆ ನೋವು ನನ್ನದೂ ಹೌದು. ಗೋಣಿಯ ಅಡಿಯ ಕವರನ್ನು ಹಿಡಿಯುವ ಕಾನೂನು, ಅಂಗಡಿಯ ಬಾಗಿಲಿಗೆ ರಾಜಾರೋಷವಾಗಿ ತೂಗುವ ಸರವನ್ನು ಏಕೆ ಕಾಣುವುದಿಲ್ಲ?

ಕಳೆದ ತಿಂಗಳು ಬೇರ್ಪಡಿಸಿದ ಆ ಹೊಳೆಯುವ ಪೊಟ್ಟಣಗಳು ಒಂದು ಅಕ್ಕಿಚೀಲದ ತುಂಬ ನನ್ನ ಬಳಿ ಇವೆ, ತೊಳೆದು ಒಣಗಿಸಿದ್ದೇನೆ. ಕಣ್ಣು ಕಿರಿದು ಮಾಡಿ ಓದಿದರೆ ಪ್ರತಿಯೊಂದರ ಬೆನ್ನಿನ ಮೇಲೂ ತಯಾರಿಸಿದವರ ಹೆಸರು, ಪೂರ್ತಿ ವಿಳಾಸ, ಪಿನ್ ಕೋಡ್ ಅಚ್ಚಾಗಿವೆ.