ಸತ್ಯಾಂಶ: ಅಲೆ ಒಡೆಯದ ಜಾಗ ಸುರಕ್ಷಿತವೇ?

ರಜೆಗೆ ಕಲಬುರಗಿಯಿಂದ ಗೋಕರ್ಣ, ಮಲ್ಪೆಗೆ ಹೊರಡುವವರ ವಾಟ್ಸಾಪ್‌ಗೆ ಈ ಮಾತು ಬರುತ್ತದೆ: "ಅಲೆ ಇಲ್ಲದ ಶಾಂತ ಜಾಗದಲ್ಲೇ ನೀರಿಗಿಳಿಯಿರಿ." ಇದು ತಪ್ಪು.

ಮರಳಿನ ತೀರದಲ್ಲಿ ಅಲೆ ಒಡೆಯುವುದು ನೀರೊಳಗಿನ ಮರಳು ದಿಬ್ಬದ ಮೇಲೆ, ಆಳ ಕಡಿಮೆ ಇರುವಲ್ಲಿ. ದಡಕ್ಕೆ ಬಂದ ನೀರು ವಾಪಸ್ ಹೋಗಬೇಕಲ್ವಾ? ದಿಬ್ಬಗಳ ನಡುವಿನ ಆಳದ ಜಾಗದಲ್ಲಿ ಅದು ಜೋರಾಗಿ ಸಮುದ್ರದ ಕಡೆ ಹರಿಯುತ್ತದೆ. ಅಲ್ಲಿ ಅಲೆ ಜಾಸ್ತಿ ಒಡೆಯದು, ಹಾಗಾಗಿ ಶಾಂತವಾಗಿ ಕಾಣುತ್ತದೆ. ಇದೇ ರಿಪ್ ಕರೆಂಟ್. ಸರ್ಫಿಂಗ್ ಮಾಡುವವರು ಅಲೆಗಳಾಚೆ ಹೋಗಲು ಇದನ್ನೇ ಬಳಸುತ್ತಾರೆ. ಆದರೆ ಅವರ ಬಳಿ ತೇಲುವ ಹಲಗೆ ಇರುತ್ತದೆ. ನಮಗೆ, ಭೀಮಾ ನದಿಯಲ್ಲಿ ಈಜಿ ಬೆಳೆದವರಿಗೂ, ಇದು ಅಪಾಯ.

ಅದು ಕೆಳಕ್ಕೆ ಎಳೆಯುವುದಿಲ್ಲ, ದೂರ ಒಯ್ಯುತ್ತದೆ. ಸಿಕ್ಕಿಕೊಂಡರೆ ಎದುರು ಈಜಿ ಸುಸ್ತಾಗಬೇಡಿ. ತೇಲುತ್ತಾ ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಡದ ಉದ್ದಕ್ಕೆ, ಪಕ್ಕಕ್ಕೆ ಈಜಿ. ಜೀವರಕ್ಷಕರಿಲ್ಲದ ಖಾಲಿ ಬೀಚಿನಲ್ಲಂತೂ ದಯವಿಟ್ಟು ಇಳಿಯಬೇಡಿ.